‘ತಿಳಿಯಲಾರೆವು’: 1872ರ ಒಂದು ಉಪನ್ಯಾಸ ಮತ್ತು ನಮ್ಮ ಅರಿವಳಿಕೆ

ಕಳೆದ ದೀಪಾವಳಿಯಂದು ನಮ್ಮ ಸಂಘದ ಕಾರ್ಯಕ್ರಮ ಮುಗಿದು, ತಟ್ಟೆ ಹಿಡಿದು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ತಾಯಿ ಊರಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ಹನ್ನೊಂದು ದಿನ ಐಸಿಯುವಿನಲ್ಲಿ ಕಣ್ಣು ತೆರೆಯದೆ ಮಲಗಿದ್ದು, ತೀರಿಕೊಂಡಿದ್ದರು. ಇವರಿಗೆ ವಿಮಾನದ ಟಿಕೆಟ್ಟು ಸಿಕ್ಕುವ ಮೊದಲಿನ ಮೂರು ದಿನ ಇಲ್ಲಿಂದಲೇ ಫೋನಿನಲ್ಲಿ ಮಾತನಾಡಿದ್ದರು. ತಂಗಿ ಆ ಫೋನನ್ನು ತಾಯಿಯ ಕಿವಿಗೆ ಹಿಡಿದಿದ್ದಳು. “ಡಾಕ್ಟ್ರೇ, ಅಮ್ಮನಿಗೆ ಅದು ಗೊತ್ತಾಗಿರಬಹುದಾ? ಸೈನ್ಸ್ ಏನು ಹೇಳುತ್ತೆ?” ಎಂದು ಕೇಳಿದರು.

ಅಂದು ನಾವು ಕೊಟ್ಟದ್ದು ಅರೆಬರೆ ಉತ್ತರ. ಸಾಲು ಮುಂದೆ ಸರಿಯಿತು, ಮಾತು ಅಲ್ಲಿಗೇ ನಿಂತಿತು. ಅವರ ಒಪ್ಪಿಗೆ ಪಡೆದು ಆ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಇದು ವೈದ್ಯಕೀಯ ಸಲಹೆಯಲ್ಲ. ‘ಪ್ರಜ್ಞೆ ಎಂದರೇನು’ ಎಂಬುದಕ್ಕೆ ವಿಜ್ಞಾನ ಕೊಟ್ಟ ಉತ್ತರಗಳನ್ನು ಯಾರು, ಯಾವಾಗ, ಏಕೆ ಅನುಮಾನಿಸಿದರು, ಮತ್ತು ಆ ಅನುಮಾನವನ್ನು ಮರೆತಾಗ ಯಾರು ಬೆಲೆ ತೆತ್ತರು ಎಂಬ ಇತಿಹಾಸದ ಒಂದು ತುಣುಕು.

ಈ ಇತಿಹಾಸದ ಮುಖ್ಯ ವ್ಯಕ್ತಿಯ ಹೆಸರನ್ನು ನಾವು ಮೊದಲು ಕೇಳಿದ್ದು ಎಂ.ಬಿ.ಬಿ.ಎಸ್. ಮೊದಲ ವರ್ಷದ ಶರೀರಕ್ರಿಯಾ ಪ್ರಯೋಗಾಲಯದಲ್ಲಿ. ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದೊಡನೆ ಬಿಡಿಸಿ, ನರಕ್ಕೆ ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟು, ಸ್ನಾಯು ಸಂಕುಚಿಸಿದ್ದನ್ನು ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಗೆರೆಯಾಗಿ ಬರೆಸುವ ಪ್ರಯೋಗವದು. ಕರ್ನಾಟಕದಲ್ಲಿ ಆ ಕಾಲದಲ್ಲಿ ವೈದ್ಯಕೀಯ ಓದಿದವರೆಲ್ಲರ ಬೆರಳಿಗೂ ಆ ಮಸಿ ಅಂಟಿರುತ್ತದೆ. ಆಘಾತ ಕೊಡುವ ಸುರುಳಿಯ ಹೆಸರನ್ನು ನಾವೆಲ್ಲ ‘ಡುಬಾಯ್ಸ್ ರೇಮಂಡ್ ಕಾಯಿಲ್’ ಎಂದು ಬಾಯಿಪಾಠ ಮಾಡಿದ್ದೆವು. ಅದನ್ನು ‘ದ್ಯೂ ಬ್ವಾ-ರೇಮೊಂ’ ಎಂದು ಉಚ್ಚರಿಸಬೇಕೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬ ಯೋಚನೆಯೂ ಆಗ ಬಂದಿರಲಿಲ್ಲ.

ಎಮಿಲ್ ದ್ಯೂ ಬ್ವಾ-ರೇಮೊಂ ಹುಟ್ಟಿದ್ದು 1818ರಲ್ಲಿ, ಬರ್ಲಿನ್ನಿನಲ್ಲಿ. ಯೊಹಾನೆಸ್ ಮ್ಯುಲರ್ ಎಂಬ ಮಹಾಗುರುವಿನ ಶಿಷ್ಯ. ಆ ಕಾಲದ ಅನೇಕ ವೈದ್ಯರು ಜೀವಿಗಳಲ್ಲಿ ಕಲ್ಲು ನೀರುಗಳಲ್ಲಿಲ್ಲದ ವಿಶೇಷವಾದ ಒಂದು ‘ಜೀವಶಕ್ತಿ’ ಇದೆಯೆಂದು ನಂಬಿದ್ದರು. 1842ರ ಸುಮಾರಿಗೆ ಈ ಯುವಕನೂ ಅವನ ಗೆಳೆಯ ಅರ್ನ್‌ಸ್ಟ್ ಬ್ರ್ಯೂಕನೂ ಸೇರಿ ಒಂದು ಪ್ರತಿಜ್ಞೆ ಮಾಡಿದರು: ದೇಹದೊಳಗೆ ಭೌತ ರಾಸಾಯನಿಕ ಬಲಗಳಲ್ಲದೆ ಬೇರಾವ ಬಲವೂ ಕೆಲಸ ಮಾಡುವುದಿಲ್ಲವೆಂಬುದನ್ನು ಸ್ಥಾಪಿಸಿಯೇ ತೀರುತ್ತೇವೆ. ಮುಂದಿನ ವರ್ಷಗಳಲ್ಲಿ ದ್ಯೂ ಬ್ವಾ-ರೇಮೊಂ 20,000ಕ್ಕೂ ಹೆಚ್ಚು ಸುತ್ತು ತಂತಿ ಸುತ್ತಿ ಅತಿ ಸೂಕ್ಷ್ಮವಾದ ವಿದ್ಯುನ್ಮಾಪಕವೊಂದನ್ನು ಕಟ್ಟಿದ. ನರದಲ್ಲಿ ಸಂದೇಶ ಹರಿಯುವಾಗ ಅದರ ವಿದ್ಯುತ್ ಸ್ಥಿತಿ ಕ್ಷಣಕಾಲ ಬದಲಾಗುತ್ತದೆಂಬುದನ್ನು ಅದರಿಂದ ತೋರಿಸಿದ. ಇದರ ಮೊದಲ ಸಂಪುಟ ಹೊರಬಂದದ್ದು 1848ರಲ್ಲಿ. ತನ್ನದೇ ತೋಳು ಬಿಗಿಹಿಡಿದಾಗ ಹುಟ್ಟುವ ವಿದ್ಯುತ್ತನ್ನು ಅಳೆಯಲು ಚರ್ಮ ಅಡ್ಡಿಯಾಗುತ್ತದೆಂದು ಆ ಜಾಗದಲ್ಲಿ ಬೊಬ್ಬೆ ಬರಿಸಿಕೊಂಡು ಚರ್ಮ ಕಿತ್ತುಕೊಂಡ ಆಸಾಮಿ ಆತ. ಇಂದು ನಾವು ತೆಗೆಯುವ ಇ.ಇ.ಜಿ., ಇ.ಎಂ.ಜಿ.ಗಳೆಲ್ಲ ಅವನು ತುಳಿದ ಹಾದಿಯಲ್ಲೇ ಮುಂದೆ ಬಂದವು.

ಇಷ್ಟನ್ನು ಹೇಳಿದ್ದೇಕೆಂದರೆ, ಪ್ರಜ್ಞೆಯ ವಿಷಯದಲ್ಲಿ ವಿಜ್ಞಾನದ ಕೈ ಸೋಲುತ್ತದೆಂದು ಗಟ್ಟಿದನಿಯಲ್ಲಿ ಸಾರಿದವನು ಒಬ್ಬ ಪಾದ್ರಿಯೋ ಕವಿಯೋ ಅಲ್ಲ, ಈ ಮನುಷ್ಯ.

1872ರ ಆಗಸ್ಟ್ 14. ಲೈಪ್‌ಜಿಗ್ ನಗರದಲ್ಲಿ ಜರ್ಮನ್ ನಿಸರ್ಗವಿಜ್ಞಾನಿಗಳ ಮತ್ತು ವೈದ್ಯರ 45ನೆಯ ಸಮಾವೇಶ. ಜರ್ಮನಿ ಒಂದು ಸಾಮ್ರಾಜ್ಯವಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ವಿಜ್ಞಾನದಲ್ಲಿ ತಮ್ಮನ್ನು ಮೀರಿಸುವವರಿಲ್ಲವೆಂಬ ಹುಮ್ಮಸ್ಸು ಸಭೆಯಲ್ಲಿ ತುಂಬಿತ್ತು. ಬರ್ಲಿನ್ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿ ಆಗಲೇ ಸೇವೆ ಸಲ್ಲಿಸಿದ್ದ, ಐವತ್ತಮೂರರ ದ್ಯೂ ಬ್ವಾ-ರೇಮೊಂ ‘ಪ್ರಕೃತಿಜ್ಞಾನದ ಎಲ್ಲೆಗಳು’ ಎಂಬ ವಿಷಯ ಕುರಿತು ಮಾತನಾಡಲು ನಿಂತ.

ಅವನ ವಾದದ ಸಾರ ಇಷ್ಟು. ವಿಶ್ವದ ಪ್ರತಿಯೊಂದು ಅಣುವಿನ ಸ್ಥಾನವನ್ನೂ ಚಲನೆಯನ್ನೂ ಬಲ್ಲ ಒಂದು ಮಹಾಬುದ್ಧಿಯನ್ನು ಫ್ರಾನ್ಸಿನ ಲಾಪ್ಲಾಸ್ ಹಿಂದೆ ಕಲ್ಪಿಸಿದ್ದ. ಗ್ರಹಗಳ ಗತಿಯನ್ನು ಖಗೋಳಶಾಸ್ತ್ರಜ್ಞ ಬಲ್ಲಷ್ಟೇ ಖಚಿತವಾಗಿ ಮಿದುಳಿನ ಒಂದೊಂದು ಕಣದ ಗತಿಯನ್ನೂ ನಾವು ಬಲ್ಲೆವೆಂದೇ ಇಟ್ಟುಕೊಳ್ಳೋಣ. ಆಗ ಏನು ಕಾಣುತ್ತದೆ? ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕಗಳ ಕಣಗಳು ಹೀಗೆ ಸರಿದವು, ಹಾಗೆ ತಿರುಗಿದವು ಎಂಬುದು ಕಾಣುತ್ತದೆ. ಆದರೆ ಆ ಸರಿದಾಟದೊಡನೆ ನೋವೆಂಬುದು, ಗುಲಾಬಿಯ ಪರಿಮಳವೆಂಬುದು ಏಕೆ ಇದೆ? ಅವನ ಉದಾಹರಣೆಗೆ ನಮ್ಮದೊಂದನ್ನು ಸೇರಿಸುವುದಾದರೆ, ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಮೂಗಿನ ನರಗಳಲ್ಲಿ ಯಾವ ರಾಸಾಯನಿಕದಿಂದ ಶುರುವಾಗಿ ಮಿದುಳಿನ ಯಾವ ಭಾಗಕ್ಕೆ ಹೋಗುತ್ತದೆಂದು ಹೇಳಿಬಿಡಬಹುದು. ಆ ‘ಆಹಾ’ ಎಂಬುದು ಎಲ್ಲಿಂದ ಬಂತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಲೈಬ್‌ನಿಟ್ಸ್ ಎಂಬ ತತ್ತ್ವಜ್ಞಾನಿ 1714ರಲ್ಲೇ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಿದ್ದ: ಯೋಚಿಸುವ ಯಂತ್ರವೊಂದನ್ನು ಗಿರಣಿಯಷ್ಟು ದೊಡ್ಡದಾಗಿ ಮಾಡಿ ನಾವು ಅದರೊಳಗೆ ಹೊಕ್ಕು ನೋಡಿದರೂ ಒಂದನ್ನೊಂದು ತಳ್ಳುವ ಭಾಗಗಳಷ್ಟೇ ಸಿಗುತ್ತವೆ, ಯೋಚನೆ ಎಲ್ಲೂ ಸಿಗುವುದಿಲ್ಲ ಎಂದು.

ಉಪನ್ಯಾಸವನ್ನು ದ್ಯೂ ಬ್ವಾ-ರೇಮೊಂ ಒಂದು ಲ್ಯಾಟಿನ್ ಪದದಿಂದ ಮುಗಿಸಿದ. ಪ್ರಕೃತಿಯ ಇತರ ಒಗಟುಗಳ ಮುಂದೆ ವಿಜ್ಞಾನಿ ‘ಇಗ್ನೊರಾಮುಸ್’, ಎಂದರೆ ‘ನಮಗೆ ತಿಳಿಯದು’ ಎಂದು ಹೇಳಲು ಹಿಂಜರಿಯುವುದಿಲ್ಲ. ಮುಂದೆಂದಾದರೂ ತಿಳಿದೀತೆಂಬ ಭರವಸೆ ಅವನಿಗಿರುತ್ತದೆ. ಜಡವಸ್ತು ಮತ್ತು ಬಲದ ನಿಜಸ್ವರೂಪ, ಪ್ರಜ್ಞೆಯ ಹುಟ್ಟು, ಈ ಎರಡರ ಮುಂದೆ ಮಾತ್ರ ಆತ ‘ಇಗ್ನೊರಾಬಿಮುಸ್’ ಎಂದ: ಮುಂದೆಯೂ ನಾವು ತಿಳಿಯಲಾರೆವು.

ಸಭೆಯಾಚೆಗೂ ಕೋಲಾಹಲವೆದ್ದಿತು. ಯೇನಾ ನಗರದ ಪ್ರಾಣಿವಿಜ್ಞಾನಿ ಅರ್ನ್‌ಸ್ಟ್ ಹೆಕಲ್ ಇದನ್ನು ವಿಜ್ಞಾನಕ್ಕೆ ಬಗೆದ ದ್ರೋಹವೆಂಬಂತೆ ಖಂಡಿಸಿದ. 1899ರಲ್ಲಿ ‘ವಿಶ್ವದ ಒಗಟುಗಳು’ ಎಂಬ ಪುಸ್ತಕ ಬರೆದು ಅವೆಲ್ಲ ಬಹುಪಾಲು ಬಿಡಿಸಿಯಾಯಿತೆಂದು ಸಾರಿದ, ಅದು ಲಕ್ಷಗಟ್ಟಲೆ ಮಾರಾಟವಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ದ್ಯೂ ಬ್ವಾ-ರೇಮೊಂ ಆತ್ಮದ ಪರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಪ್ರಜ್ಞೆ ಮಿದುಳಿನ ಭೌತ ಸ್ಥಿತಿಯನ್ನು ಅವಲಂಬಿಸಿದೆಯೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಡಾರ್ವಿನ್ನನನ್ನು ಬಹಿರಂಗವಾಗಿ ಬೆಂಬಲಿಸಿದವನೂ ಹೌದು. ‘ಅವಲಂಬಿಸಿದೆ’ ಎಂಬುದು ತಿಳಿದ ಮಾತ್ರಕ್ಕೆ ‘ವಿವರಿಸಿದೆವು’ ಎಂದುಕೊಳ್ಳಬೇಡಿ ಎಂಬುದಷ್ಟೇ ಅವನ ತಕರಾರು.

ನಮಗೆ ಅವನ ಆ ‘ಮುಂದೆಯೂ’ ಒಪ್ಪಿಗೆಯಾಗುವುದಿಲ್ಲ. ಅವನ ಗುರು ಮ್ಯುಲರನೇ ನರದಲ್ಲಿ ಸಂದೇಶ ಓಡುವ ವೇಗವನ್ನು ಅಳೆಯುವುದು ಎಂದಿಗೂ ಸಾಧ್ಯವಾಗದೆಂದು ಬರೆದಿದ್ದ. 1850ರಲ್ಲಿ ಅದೇ ಗುರುವಿನ ಇನ್ನೊಬ್ಬ ಶಿಷ್ಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನಲ್ಲಿ ಅದನ್ನು ಅಳೆದುಬಿಟ್ಟ. ಸೆಕೆಂಡಿಗೆ ಸುಮಾರು 27 ಮೀಟರ್, ಓಡುವ ಕುದುರೆಗಿಂತ ಹೆಚ್ಚೇನಲ್ಲ. ಹತ್ತಿರದಿಂದ ಇದನ್ನು ಕಂಡವನೇ ಮತ್ತೆ ‘ಎಂದಿಗೂ ಇಲ್ಲ’ ಎಂದದ್ದು ವಿಚಿತ್ರ. ಆದರೆ ಭವಿಷ್ಯವಾಣಿಯನ್ನು ಪಕ್ಕಕ್ಕಿಟ್ಟರೆ, ಅವನ ಎಚ್ಚರಿಕೆ ಉಳಿಯುತ್ತದೆ. ಅದನ್ನು ಕಿವಿಗೆ ಹಾಕಿಕೊಳ್ಳದಿದ್ದಾಗ ಏನಾಯಿತೆಂಬುದು ನಮ್ಮ ವೃತ್ತಿಯ ಇತಿಹಾಸದಲ್ಲೇ ಇದೆ. ಅದನ್ನು ಹೇಳಲು ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗಬೇಕು.

ಅದಕ್ಕೆ ಮೊದಲು ಒಂದು ಪದ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಆವಿಯ ಸಹಾಯದಿಂದ ರೋಗಿಗೆ ನೋವಾಗದಂತೆ ಶಸ್ತ್ರಚಿಕಿತ್ಸೆ ನಡೆಸಿ ತೋರಿಸಲಾಯಿತು. ಆ ಸ್ಥಿತಿಗೆ ‘ಅನೆಸ್ತೀಸಿಯಾ’ ಎಂಬ ಹೆಸರನ್ನು ಸೂಚಿಸಿದವನು ವೈದ್ಯನೂ ಲೇಖಕನೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್. ಗ್ರೀಕ್ ಮೂಲದಲ್ಲಿ ಅದರರ್ಥ ಸಂವೇದನೆ ಇಲ್ಲದಿರುವುದು. ಕನ್ನಡದಲ್ಲಿ ನಾವು ಅದನ್ನು ‘ಅರಿವಳಿಕೆ’ ಎಂದೆವು. ಅರಿವು ಅಳಿಯುವುದು. ಕನ್ನಡದ ಪದ ಗ್ರೀಕ್ ಪದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೆಚ್ಚಿನದೊಂದನ್ನು ವಾಗ್ದಾನ ಮಾಡುತ್ತದೆ. ನಮ್ಮೂರುಗಳಲ್ಲಿ ಬಿದ್ದವರ ಬಗೆಗೆ ‘ಎಚ್ಚರ ತಪ್ಪಿದೆ’ ಎನ್ನುತ್ತೇವೆ, ‘ಪ್ರಜ್ಞೆ ಹೋಗಿದೆ’ ಎನ್ನುತ್ತೇವೆ, ‘ಮೈಮೇಲೆ ಜ್ಞಾನವಿಲ್ಲ’ ಎನ್ನುತ್ತೇವೆ. ಹೊರಗಿನಿಂದ ನೋಡಿದವರಿಗೆ ಮೂರೂ ಒಂದೇ. ಒಳಗೆ ಇರುವವರಿಗೆ? ‘ಮೈಮೇಲೆ ಇಲ್ಲ’ ಎಂಬ ಮಾತಿನಲ್ಲಿ, ಬೇರೆಲ್ಲೋ ಇರಬಹುದೆಂಬ ಒಂದು ಸಣ್ಣ ಬಿಡುವಿದೆ. ನಮಗೆ ಇತ್ತೀಚೆಗೆ ಆ ಮಾತು ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಮೈ ಅಲುಗದಿದ್ದರೆ ಅರಿವೂ ಅಳಿದಿದೆಯೆಂದು ಅರ್ಥವಲ್ಲ ಎಂಬುದನ್ನು ಫ್ರಾನ್ಸಿನ ಕ್ಲೋದ್ ಬರ್ನಾರ್ ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿದ್ದ, ಮತ್ತೆ ಕಪ್ಪೆಯಲ್ಲೇ. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ‘ಕ್ಯುರಾರೆ’ ಎಂಬ ವಿಷವನ್ನು ಕೊಟ್ಟರೆ ಪ್ರಾಣಿ ಸತ್ತಂತೆ ನಿಶ್ಚಲವಾಗುತ್ತದೆ. ಬರ್ನಾರ್ ಕಪ್ಪೆಯ ಒಂದು ಕಾಲಿಗೆ ರಕ್ತ ಹರಿಯದಂತೆ ಕಟ್ಟಿ, ವಿಷ ಆ ಕಾಲನ್ನು ಮುಟ್ಟದಂತೆ ಮಾಡಿದ. ಆಮೇಲೆ ನಿಶ್ಚಲವಾದ ಮೈಯನ್ನು ಚಿವುಟಿದರೆ ಆ ಕಾಲು ಮಾತ್ರ ಒದ್ದುಕೊಂಡಿತು. ಚಿವುಟಿದ್ದು ಒಳಗೆ ಮುಟ್ಟುತ್ತಿತ್ತು. ಹೊರಗೆ ಹೇಳಿಕೊಳ್ಳುವ ದಾರಿಯಷ್ಟೇ ಮುಚ್ಚಿತ್ತು. 1864ರಲ್ಲಿ ಬರೆದ ಪ್ರಬಂಧದಲ್ಲಿ ಬರ್ನಾರ್, ಈ ಶಾಂತವಾಗಿ ಕಾಣುವ ಸಾವಿನೊಳಗೆ ಸಂವೇದನೆಯೂ ಬುದ್ಧಿಯೂ ಇಡಿಯಾಗಿ ಉಳಿದಿರುತ್ತವೆಂದು ಎಚ್ಚರಿಸಿದ.

1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಕ್ಯುರಾರೆಯನ್ನು ಅರಿವಳಿಕೆಯ ಜೊತೆಗಾರನಾಗಿ ಶಸ್ತ್ರಚಿಕಿತ್ಸೆಗೆ ತಂದರು. ಸ್ನಾಯುಗಳು ಸಡಿಲಗೊಂಡರೆ ಶಸ್ತ್ರವೈದ್ಯರ ಕೆಲಸ ಸುಲಭ. ಆದರೆ ಕ್ಯುರಾರೆಗೇ ಅರಿವು ಕಳೆಯುವ ಗುಣವೂ ಇರಬಹುದೆಂದು ಕೆಲವರು ನಂಬತೊಡಗಿದರು. ಅದನ್ನು ಪರೀಕ್ಷಿಸಲು ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ತಮ್ಮ ಮೈಗೇ ಪೂರ್ಣ ಪ್ರಮಾಣದ ಕ್ಯುರಾರೆ ಚುಚ್ಚಿಸಿಕೊಂಡು, ಉಸಿರಾಟವೂ ನಿಂತು, ಕೃತಕ ಉಸಿರಿನ ಮೇಲೆ ಮಲಗಿದರು. ರೆಪ್ಪೆ ಅಲುಗಿಸಲೂ ಆಗದ ಆ ಸ್ಥಿತಿಯುದ್ದಕ್ಕೂ ತಮಗೆ ಪೂರ್ತಿ ಎಚ್ಚರವಿತ್ತೆಂದು, ಚೇತರಿಸಿಕೊಂಡ ಮೇಲೆ ನಡೆದದ್ದನ್ನೆಲ್ಲ ವರದಿ ಮಾಡಿದರು. 1947ರಲ್ಲಿ ಆ ವರದಿ ಪ್ರಕಟವಾಯಿತು. ವಯಸ್ಕರ ಮಟ್ಟಿಗೆ ಪ್ರಶ್ನೆ ಮುಗಿಯಿತು, ಏಕೆಂದರೆ ವಯಸ್ಕ ಎದ್ದು ಹೇಳಬಲ್ಲ.

ಹೇಳಲಾಗದವರ ಗತಿ?

ಲೈಪ್‌ಜಿಗ್‌ನಲ್ಲೇ, ದ್ಯೂ ಬ್ವಾ-ರೇಮೊಂ ಮಾತನಾಡಿದ ಅದೇ ದಶಕದಲ್ಲಿ, ಪೌಲ್ ಫ್ಲೆಕ್ಸಿಗ್ ಎಂಬ ವಿಜ್ಞಾನಿ ಶಿಶುಗಳ ಮಿದುಳನ್ನು ಅಭ್ಯಸಿಸುತ್ತಿದ್ದ. ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಹುಟ್ಟಿನ ಮೊದಲೂ ಆಮೇಲೂ ಹಂತಹಂತವಾಗಿ ಬರುತ್ತದೆಂದು ತೋರಿಸಿ 1876ರಲ್ಲಿ ಗ್ರಂಥ ಪ್ರಕಟಿಸಿದ. ಅದು ಒಳ್ಳೆಯ ವಿಜ್ಞಾನ, ಇಂದಿಗೂ ನಿಂತಿದೆ. ಕಾಲಕ್ರಮದಲ್ಲಿ ಅದರ ಮೇಲೆ ಕಟ್ಟಿದ ತರ್ಕ ಮಾತ್ರ ಬೇರೆ: ಹೊದಿಕೆ ಬಾರದ ನರ ಕೆಲಸ ಮಾಡದು; ನವಜಾತ ಶಿಶುವಿನ ಮಿದುಳಿನ ಹೊರಪದರ ಇನ್ನೂ ಹದಗೊಂಡಿಲ್ಲ; ನೋವನ್ನು ‘ಅರಿಯಲು’ ಆ ಪದರ ಬೇಕು; ಆದ್ದರಿಂದ ಹಸುಗೂಸಿಗೆ ನೋವಿನ ಅರಿವಿಲ್ಲ. ಅಳುವುದು, ಕಾಲು ಸೆಳೆದುಕೊಳ್ಳುವುದು ಬರಿಯ ಪ್ರತಿವರ್ತನೆ. ಪ್ರಜ್ಞೆಗೆ ಇದೊಂದು ಅಚ್ಚುಕಟ್ಟಾದ ವೈಜ್ಞಾನಿಕ ವಿವರಣೆ. ಪಠ್ಯಪುಸ್ತಕದಲ್ಲಿ ಓದಿದ್ದರೆ ನಾವೂ ತಲೆದೂಗುತ್ತಿದ್ದೆವೇನೋ.

ಅದರ ಪರಿಣಾಮವಾಗಿ, ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ 1980ರ ದಶಕದವರೆಗೆ ಅನೇಕ ಆಸ್ಪತ್ರೆಗಳಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಎದೆ ತೆರೆಯುವಂಥ ಶಸ್ತ್ರಚಿಕಿತ್ಸೆಯನ್ನೂ ಕ್ಯುರಾರೆಯಂಥ ಔಷಧ ಮತ್ತು ಒಂದಿಷ್ಟು ನೈಟ್ರಸ್ ಆಕ್ಸೈಡ್ ಮಾತ್ರ ಕೊಟ್ಟು ಮಾಡುತ್ತಿದ್ದರು. ಕೆಲವೊಮ್ಮೆ ನಿಶ್ಚಲಗೊಳಿಸುವ ಔಷಧವಷ್ಟೇ. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ವೈದ್ಯರು ಕಟುಕರಾಗಿರಲಿಲ್ಲ. ಒಂದು ಕಿಲೋ ತೂಗುವ ಕೂಸಿಗೆ ಬಲವಾದ ಅರಿವಳಿಕೆ ಕೊಟ್ಟರೆ ಹೃದಯ ನಿಂತೀತೆಂಬ ಭಯ ನಿಜವಾದದ್ದೇ ಆಗಿತ್ತು. ಆದರೆ ಭಯದ ಜೊತೆಗೆ ‘ಹೇಗೂ ಅದಕ್ಕೆ ಗೊತ್ತಾಗುವುದಿಲ್ಲ’ ಎಂಬ ಸಿದ್ಧಾಂತ ಕೈಗೆ ಸಿಕ್ಕಾಗ, ಮನಸ್ಸು ಇನ್ನೊಂದು ದಾರಿ ಹುಡುಕುವುದನ್ನು ನಿಲ್ಲಿಸುತ್ತದೆ. 1980ರ ದಶಕದ ನಡುವೆ ಅಮೆರಿಕದ ತಾಯಿಯೊಬ್ಬರು, ತೀರಿಕೊಂಡ ತಮ್ಮ ಕೂಸಿಗೆ ನಿಶ್ಚಲಗೊಳಿಸುವ ಔಷಧವನ್ನಲ್ಲದೆ ಬೇರೇನನ್ನೂ ಕೊಡದೆ ಶಸ್ತ್ರಚಿಕಿತ್ಸೆ ಮಾಡಿದ್ದರೆಂಬುದನ್ನು ಕಡತ ತರಿಸಿ ಓದಿ ತಿಳಿದರು. ಕೇಳಿದ್ದಕ್ಕೆ ಅವರಿಗೆ ಸಿಕ್ಕ ಉತ್ತರ, ಅಂಥ ಶಿಶುಗಳಿಗೆ ನೋವಾಗುತ್ತದೆಂದು ಎಂದೂ ಸಿದ್ಧವಾಗಿಲ್ಲ ಎಂಬುದು. ಅವರು ಸುಮ್ಮನಾಗಲಿಲ್ಲ, ಅವರ ದನಿ ಪತ್ರಿಕೆಗಳಲ್ಲಿ ಮೂಡಿತು.

ಅದೇ ಹೊತ್ತಿಗೆ ಈ ದೇಶದಲ್ಲಿ, ಆಕ್ಸ್‌ಫರ್ಡಿನಲ್ಲಿ, ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ರೋಡ್ಸ್ ವಿದ್ಯಾರ್ಥಿಯಾಗಿ ಬಂದಿದ್ದ ಕನ್ವಲ್‌ಜೀತ್ ಆನಂದ್ ಎಂಬ ಯುವ ವೈದ್ಯರು ಒಂದನ್ನು ಗಮನಿಸಿದ್ದರು: ಶಸ್ತ್ರಚಿಕಿತ್ಸೆಗೆ ಹೋದ ಕೂಸುಗಳು ಹೋದಾಗಿಗಿಂತ ಬಹಳ ಕೆಟ್ಟ ಸ್ಥಿತಿಯಲ್ಲಿ ಮರಳುತ್ತಿದ್ದವು. ಹೃದಯದ ಬಳಿಯ, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಾದ ರಕ್ತನಾಳವೊಂದು ಮುಚ್ಚಿಕೊಳ್ಳದೆ ಉಳಿದಾಗ ಅದನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಬಂದ ಹದಿನಾರು ಅವಧಿಪೂರ್ವ ಶಿಶುಗಳನ್ನು ಅವರೂ ಸಹೋದ್ಯೋಗಿಗಳೂ ಎರಡು ಗುಂಪು ಮಾಡಿದರು. ಎಲ್ಲ ಶಿಶುಗಳಿಗೂ ರೂಢಿಯ ಪದ್ಧತಿಯೇ. ಒಂದು ಗುಂಪಿನ ಎಂಟಕ್ಕೆ ಮಾತ್ರ ಅದರ ಜೊತೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ. ಫೆಂಟನಿಲ್ ಸಿಗದ ಎಂಟರ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಹೆಚ್ಚಾಗಿ ಏರಿದ್ದವು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಆ ಗುಂಪಿನಲ್ಲೇ ಹೆಚ್ಚು. 1987ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಅದೇ ವರ್ಷ ಆನಂದ್ ಮತ್ತು ಪಾಲ್ ಹಿಕಿ ಬರೆದ ಸಮೀಕ್ಷೆಯೊಂದು ಮೈಲಿನ್ ವಾದದ ಬುಡಕ್ಕೇ ಕೊಡಲಿ ಹಾಕಿತು: ವಯಸ್ಕರಲ್ಲೂ ನೋವನ್ನು ಒಯ್ಯುವ ಬಹುಪಾಲು ತಂತುಗಳಿಗೆ ಹೊದಿಕೆ ಇರುವುದೇ ಇಲ್ಲ, ಇದ್ದರೂ ಬಲು ತೆಳ್ಳಗೆ! ಹೊದಿಕೆಯಿಲ್ಲದ ನರ ನಿಧಾನವಾಗಿ ಒಯ್ಯುತ್ತದೆ, ಅಷ್ಟೇ. ಮತ್ತು ಕೂಸಿನ ಮೈಯಲ್ಲಿ ದೂರವಾದರೂ ಎಷ್ಟು? ನರತಂತುಗಳ ಈ ವಿಷಯ ಎಲ್ಲ ವೈದ್ಯವಿದ್ಯಾರ್ಥಿಗಳೂ ಮೊದಲ ವರ್ಷದಲ್ಲೇ ಓದುವಂಥದ್ದು. ಓದಿಯೂ, ಎರಡನ್ನೂ ಕೂಡಿಸಿ ನೋಡಿರಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕೆಂಬ ನಿಲುವನ್ನು ಪ್ರಕಟಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾರ್ಮೋನು ಏರಿತೆಂದ ಮಾತ್ರಕ್ಕೆ ಕೂಸಿಗೆ ನೋವಿನ ಅರಿವಿತ್ತೆಂದು ಸಿದ್ಧವಾಗುವುದಿಲ್ಲ. ಹೆಕಲ್‌ನಂಥವನು ಆಗಲೂ ‘ಅದು ಬರಿಯ ರಸಾಯನ’ ಎನ್ನಬಹುದಿತ್ತು. ಶಿಶುವಿನೊಳಗೆ ಏನಿದೆಯೆಂಬ ಪ್ರಶ್ನೆ 1872ರಲ್ಲಿ ಎಲ್ಲಿತ್ತೋ 1987ರಲ್ಲೂ ಅಲ್ಲೇ ಇತ್ತು. ಬದಲಾದದ್ದು ಸಾಕ್ಷ್ಯದ ಹೊಣೆ. ‘ನೋವಿದೆಯೆಂದು ತೋರಿಸಿ, ಆಮೇಲೆ ಔಷಧ’ ಎನ್ನುತ್ತಿದ್ದವರು ‘ಇಲ್ಲವೆಂದು ನಮಗೆ ತಿಳಿಯದು, ಆದ್ದರಿಂದ ಔಷಧ’ ಎನ್ನಲು ಕಲಿತರು. ಪ್ರಜ್ಞೆಯ ವಿವರಣೆ ಸಿಕ್ಕಿದ್ದರಿಂದಲ್ಲ, ಸಿಕ್ಕಿದೆಯೆಂಬ ಭ್ರಮೆ ಹರಿದದ್ದರಿಂದ ಕೂಸುಗಳ ಪಾಡು ಸುಧಾರಿಸಿತು.

ಈ ಅನುಮಾನವನ್ನು ಬೇಕಾದ ಕಡೆಗೆ ಮಾತ್ರ ತಿರುಗಿಸುವವರೂ ಇದ್ದಾರೆಂಬುದನ್ನು ಮರೆಯಬಾರದು. ವಿಜ್ಞಾನಕ್ಕೆ ಪ್ರಜ್ಞೆಯನ್ನು ವಿವರಿಸಲಾಗಲಿಲ್ಲವೆಂದ ಕೂಡಲೇ ‘ಆತ್ಮದ ತೂಕ 21 ಗ್ರಾಂ ಎಂದು ಸಿದ್ಧವಾಗಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದುಬಿಡುತ್ತದೆ. ನಮ್ಮ ಸಂಘದ ಗುಂಪಿನಲ್ಲೇ ಎರಡು ಸಲ ಬಂದಿದೆ. ಅದರ ಮೂಲ 1907ರಲ್ಲಿ ಪ್ರಕಟವಾದ, ಡಂಕನ್ ಮ್ಯಾಕ್‌ಡೂಗಲ್ ಎಂಬ ಅಮೆರಿಕದ ವೈದ್ಯ ಸಾಯುತ್ತಿದ್ದ ಆರು ಮಂದಿಯನ್ನು ಮಂಚದ ಸಮೇತ ತೂಗಿದ ಪ್ರಯೋಗ. ಆ ಅಂಕಿ ಬಂದದ್ದು ಆರರಲ್ಲಿ ಒಬ್ಬರಿಂದ. ದ್ಯೂ ಬ್ವಾ-ರೇಮೊಂ ಇದನ್ನು ಕಂಡಿದ್ದರೆ ಹೆಕಲ್‌ನಿಗಿಂತ ಜೋರಾಗಿ ನಗುತ್ತಿದ್ದ.

ಈಗ ನಮ್ಮ ಸದಸ್ಯರ ಪ್ರಶ್ನೆಗೆ ಹತ್ತಿರ ಬರೋಣ. 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಕೇಂಬ್ರಿಜ್ಜಿನಲ್ಲಿ, ರಸ್ತೆ ಅಪಘಾತದ ನಂತರ ತಿಂಗಳುಗಟ್ಟಲೆ ಯಾವ ಮಾತಿಗೂ ಪ್ರತಿಕ್ರಿಯಿಸದೆ ಇದ್ದ 23 ವರ್ಷದ ತರುಣಿಯೊಬ್ಬಳನ್ನು ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನರಿನಲ್ಲಿ ಮಲಗಿಸಿ ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊ’, ‘ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೊ’ ಎಂದರು. ಆರೋಗ್ಯವಂತರಲ್ಲಿ ಬೆಳಗುವ ಭಾಗಗಳೇ ಅವಳಲ್ಲೂ ಬೆಳಗಿದವು. ಇದನ್ನು ಅನುಮಾನಿಸಿದವರೂ ಇದ್ದರು: ಪದ ಕಿವಿಗೆ ಬಿದ್ದ ಮಾತ್ರಕ್ಕೆ ಮಿದುಳು ತಾನಾಗಿ ಹಾಗೆ ಮಾಡಿರಬಹುದಲ್ಲ ಎಂದರು. 2024ರಲ್ಲಿ ಅಮೆರಿಕ, ಯುರೋಪುಗಳ ಹಲವು ಕೇಂದ್ರಗಳು ಕೂಡಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಸಿಗೆಯ ಬಳಿ ಯಾವ ಆದೇಶವನ್ನೂ ಪಾಲಿಸದ 241 ರೋಗಿಗಳ ಪೈಕಿ 60 ಮಂದಿಯ ಮಿದುಳು, ಸ್ಕ್ಯಾನಿನಲ್ಲಿ ಅಥವಾ ಇ.ಇ.ಜಿ.ಯಲ್ಲಿ, ಹೇಳಿದ್ದನ್ನು ಪಾಲಿಸಿದಂತೆ ಕಂಡಿತು. ನಾಲ್ವರಲ್ಲಿ ಒಬ್ಬರು. ನಮ್ಮನ್ನು ಹೆಚ್ಚು ಕಾಡಿದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ. ಹಾಸಿಗೆಯ ಬಳಿ ಹೇಳಿದ್ದನ್ನು ಕಣ್ಣೆದುರೇ ಪಾಲಿಸಿ ತೋರಿಸಿದ 112 ರೋಗಿಗಳಲ್ಲಿ ಯಂತ್ರ ಗುರುತಿಸಿದ್ದು 43 ಮಂದಿಯನ್ನು ಮಾತ್ರ. ಎಂದರೆ, ಎಚ್ಚರವಿರುವುದು ನಮಗೆ ಬರಿಗಣ್ಣಿಗೆ ಕಾಣುವವರಲ್ಲೇ ಹೆಚ್ಚಿನವರನ್ನು ಯಂತ್ರ ಕಾಣಲಿಲ್ಲ. ಯಂತ್ರ ‘ಇದೆ’ ಎಂದರೆ ಕೇಳಬಹುದು. ‘ಇಲ್ಲ’ ಎಂದರೆ ಹೇಗೆ ನಂಬುವುದು?

ಹಿರಿಯ ವಿದ್ವಾಂಸರಿಗೂ ಈ ಎಡವು ತಪ್ಪಿಲ್ಲ. 1998ರಲ್ಲಿ ಜರ್ಮನಿಯ ಬ್ರೆಮೆನ್ನಿನಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, ಪ್ರಜ್ಞೆಯ ಸ್ಪಷ್ಟ ಗುರುತು ಮಿದುಳಿನಲ್ಲಿ ಇನ್ನು 25 ವರ್ಷಗಳಲ್ಲಿ ಸಿಕ್ಕೇ ಸಿಗುತ್ತದೆಂದು ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ಪಂದ್ಯ ಕಟ್ಟಿದರು. 2023ರ ಜೂನಿನಲ್ಲಿ ನ್ಯೂಯಾರ್ಕಿನ ಸಮ್ಮೇಳನದಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಇನ್ನೊಂದು 25 ವರ್ಷಕ್ಕೆ ಮತ್ತೆ ಪಂದ್ಯ ಕಟ್ಟಿದ್ದಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕಾಖ್ ಬೆಂಬಲಿಸುವ ಒಂದು ಪ್ರಮುಖ ಸಿದ್ಧಾಂತವನ್ನು 124 ಮಂದಿ ವಿದ್ವಾಂಸರು ಹುಸಿವಿಜ್ಞಾನವೆಂದು ಕರೆದು ಬಹಿರಂಗ ಪತ್ರ ಬರೆದರು. 150 ವರ್ಷಗಳ ಮೇಲೂ ಲೈಪ್‌ಜಿಗ್‌ನ ಗದ್ದಲ ಮುಗಿದಿಲ್ಲ.

ಈ ಲೇಖನದ ಕರಡನ್ನು ನಮ್ಮ ಸದಸ್ಯರಿಗೆ ಫೋನಿನಲ್ಲಿ ಓದಿ ಹೇಳಿದೆವು. ಆ ಅಂಕಿಗಳು ಆಯ್ದ ಆಸ್ಪತ್ರೆಗಳ, ಆಯ್ದ ರೋಗಿಗಳವು. ಅವರ ತಾಯಿಗೆ ಅಂಥ ಪರೀಕ್ಷೆ ಆಗಿರಲಿಲ್ಲ. ಆಗಿದ್ದರೂ ಖಚಿತ ಉತ್ತರ ಸಿಗುತ್ತಿರಲಿಲ್ಲ. ಪಾರ್ಶ್ವವಾಯು ಅಷ್ಟು ದೊಡ್ಡದಾಗಿದ್ದಾಗ ಕೇಳಿಸಿರುವ ಸಂಭವ ಕಡಿಮೆಯೇ, ಆದರೆ ಇಲ್ಲವೆಂದು ಹೇಳುವ ಅಧಿಕಾರ ನಮಗಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆವು. ನಮ್ಮ ವಾರ್ಡಿನಲ್ಲಿ ಕಣ್ಣು ಮುಚ್ಚಿ ಮಲಗಿದವರ ರೆಪ್ಪೆ ಎತ್ತಿ ಟಾರ್ಚ್ ಬಿಡುವ ಮುನ್ನ ಹೆಸರು ಹಿಡಿದು ಕರೆದು, ಏನು ಮಾಡಲಿದ್ದೇವೆಂದು ಹೇಳುವ ರೂಢಿ ಇದೆಯೆಂಬುದನ್ನೂ ತಿಳಿಸಿದೆವು. ಕಿರಿಯ ವೈದ್ಯರು ಮೊದಮೊದಲು ಇದಕ್ಕೆ ನಾಚಿಕೊಳ್ಳುತ್ತಾರೆ.

ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದ್ರೆ ನಾನು ಮಾತಾಡಿದ್ದು ದಡ್ಡತನ ಅಲ್ಲ ಅಲ್ವಾ?” ಎಂದರು. ಅಲ್ಲ ಎಂದೆವು. ಏನು ಮಾತನಾಡಿದಿರಿ ಎಂದು ಕೇಳಿದೆವು. “ದೊಡ್ಡದೇನಿಲ್ಲ ಡಾಕ್ಟ್ರೇ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ತಳ ಕಂಡಿದೆ ಅಮ್ಮ, ಮಕ್ಕಳೂ ಈಗ ತಿನ್ನೋದು ಕಲಿತಿದಾರೆ ಅಂದೆ. ಮೂರು ದಿನಾನೂ ಅದನ್ನೇ ಹೇಳಿದೆ.”